ಹವಳದ ದಿಬ್ಬವೂ ನನ್ನ ಮೀಸೆಯೂ

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಯಲ್ದೂರಿನ ನಮ್ಮ ಮಾವಿನ ತೋಪಿನ ಬಾವಿಗೆ ಪಂಪ್‌ಸೆಟ್ ಮನೆಯ ಮೇಲಿಂದ ಧುಮುಕಿ, ತಳ ಮುಟ್ಟಿ, ಸಾಕ್ಷಿಗೆ ಒಂದು ಹಿಡಿ ಕೆಸರು ತಂದು ತೋರಿಸುತ್ತಿದ್ದ ವೀರ ನಾನು. ಹಾಗಾಗಿ ಐದಾರು ವರ್ಷದ ಹಿಂದೆ, ಎಂಬತ್ತೆರಡನೇ ಇಸವಿಯಲ್ಲಿ, ಶ್ರೀನಿವಾಸಪುರದ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿರುವ ನನಗೆ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿ ಮಂಜೂರಾದಾಗ, ಉಳಿದವರಂತೆ ಕನ್ಯಾಕುಮಾರಿ ಎನ್ನದೆ ಅಂಡಮಾನ್ ಎಂದು ಬರೆದುಕೊಟ್ಟೆ. ವಾರಪತ್ರಿಕೆಯ ಬಣ್ಣದ ಪುಟದಲ್ಲಿ ಹವಳದ ದಿಬ್ಬದ ಚಿತ್ರ ನೋಡಿದ್ದೆ. ಅದನ್ನು ನೀರಿಗಿಳಿದು ಕಣ್ಣಾರೆ ನೋಡಲೇಬೇಕೆಂದು ನಿಶ್ಚಯಿಸಿದ್ದೆ.

"ಬಾವೀಲಿ ಈಜೋದೂ ಸಮುದ್ರದಲ್ಲಿ ಈಜೋದೂ ಒಂದೇನಾ ರೀ?" ಎಂದಳು ನನ್ನ ಹೆಂಡತಿ ಸರೋಜ.

"ನೀರು ಎಲ್ಲಿದ್ರೂ ನೀರೇ ಕಣೇ. ಅಲ್ಲಿ ಒಂಚೂರು ಉಪ್ಪು ಜಾಸ್ತಿ, ಅಷ್ಟೇ!"

ಮದ್ರಾಸಿನಲ್ಲಿ ಹಡಗು ಹತ್ತಿದೆವು. ಮೊದಲೆರಡು ದಿನ ನಾನು ದರ್ಶನ ಮಾಡಿದ್ದು ಸಮುದ್ರವನ್ನಲ್ಲ, ಬಕೆಟ್ಟನ್ನು. ಆದರೂ ಧೈರ್ಯ ಕುಗ್ಗಲಿಲ್ಲ.

ನಮ್ಮನ್ನು ದಿಬ್ಬದ ಬಳಿಗೆ ಕರೆದೊಯ್ದ ದೋಣಿಯವನ ಹೆಸರು ಅಪ್ಪಲರಾಜು. ಶ್ರೀಕಾಕುಳದ ಕಡೆಯಿಂದ ಬಂದು ಅಲ್ಲೇ ನೆಲೆಸಿದವನು. ಗಡಿಯ ಪಕ್ಕದವರಾದ ನಮಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಹೀಗಾಗಿ ಸಮುದ್ರದ ನಡುವೆ ನೆಂಟ ಸಿಕ್ಕಿದಷ್ಟು ಸಂತೋಷವಾಯಿತು. ಅವನು ನನಗೆ ಎರಡು ಆಯುಧ ಕೊಟ್ಟ. ಒಂದು, ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕು. ಇನ್ನೊಂದು, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ರಬ್ಬರ್ ಕೊಳವೆ. ನೀರಿನ ಮೇಲೆ ಬೋರಲು ಮಲಗಿ ಕೆಳಗೆ ನೋಡುತ್ತಿದ್ದರೆ ಸಾಕಂತೆ. ಹವಳದ ಮೇಲೆ ಮಾತ್ರ ಕಾಲಿಡಬಾರದಂತೆ.

"ಎದೆಮಟ್ಟಂ ನೀಳ್ಳೇ ಸಾರ್, ಭಯಂ ಲೇದು" ಎಂದ.

ಎದೆಮಟ್ಟದ ನೀರಂತೆ! ನಮ್ಮ ಬಾವಿಯನ್ನು ನೆನೆದು ನಗು ಬಂತು. ನಗುತ್ತಲೇ ಇಳಿದು ಬೋರಲು ಮಲಗಿದೆ. ನಾನು ಕಣ್ಣು ಬಿಡುವಷ್ಟರಲ್ಲಿ ಮಾಸ್ಕಿನ ತುಂಬ ನೀರು! ಎದ್ದು ಚೆಲ್ಲಿ, ಮತ್ತೆ ಮಲಗಿದೆ. ಮತ್ತೆ ನೀರು! ಹವಳವಿಲ್ಲ, ಮೀನಿಲ್ಲ, ಬರೀ ಕಣ್ಣುರಿ.

"ನಿನ್ನ ಮಾಸ್ಕು ತೂತು ಕಣಯ್ಯಾ" ಎಂದು ಗದರಿದೆ.

ಅಪ್ಪಲರಾಜು ನನ್ನ ಮುಖವನ್ನು ಡಾಕ್ಟರಂತೆ ಪರೀಕ್ಷಿಸಿ, "ಮಾಸ್ಕು ಕಾದು ಸಾರ್, ಮೀಸಂ!" ಎಂದು ತೀರ್ಪು ಕೊಟ್ಟ. ತಪ್ಪು ಮಾಸ್ಕಿನದಲ್ಲ, ಮೀಸೆಯದಂತೆ. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಿಕೊಳ್ಳಬೇಕಂತೆ. ನನ್ನದೋ ಅಪ್ಪನಿಂದ ಬಂದ ಪೊದೆಮೀಸೆ. ಅದರ ಸಂದಿಯಿಂದ ಸಮುದ್ರ ಸಲೀಸಾಗಿ ಒಳಗೆ ಬರುತ್ತಿತ್ತು. ಏನಾದರೂ ಜಿಡ್ಡು ಸವರಿದರೆ ನಿಂತೀತು ಎಂದ.

"ಸರೋಜ, ಎಣ್ಣೆ ಏನಾದ್ರೂ ಇದೆಯೇನೇ?"

"ದೋಣೀಲಿ ಎಲ್ಲಿಂದ ಎಣ್ಣೆ ತರ್ಲಿ? ಚಿತ್ರಾನ್ನಕ್ಕೆ ಅಂತ ತಂದ ಉಪ್ಪಿನಕಾಯಿ ಇದೆ ಅಷ್ಟೇ."

ಶ್ರೀನಿವಾಸಪುರದವರು ಮಾವಿನ ಉಪ್ಪಿನಕಾಯಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ಸೀಸೆಯ ಮೇಲ್ಭಾಗದಲ್ಲಿ ಒಂದು ಬೆರಳು ಎಣ್ಣೆ ಕೆಂಪಗೆ ಹೊಳೆಯುತ್ತಿತ್ತು.

"ಬೇಡ ರೀ! ಖಾರ!"

"ಖಾರ ತಳದಲ್ಲಿರುತ್ತೆ, ಎಣ್ಣೆ ಮೇಲಿರುತ್ತೆ. ಇದು ವಿಜ್ಞಾನ ಕಣೇ!"

ಮೀಸೆಗೆ ಧಾರಾಳವಾಗಿ ಸವರಿಕೊಂಡು ಮಾಸ್ಕು ಬಿಗಿದು ಮಲಗಿದೆ. ನಿಜ ಹೇಳಬೇಕು, ಒಂದು ಹನಿ ನೀರೂ ಒಳಗೆ ಬರಲಿಲ್ಲ. ಕಷ್ಟವೆಂದರೆ, ಒಳಗಿದ್ದ ಘಾಟೂ ಹೊರಗೆ ಹೋಗಲಿಲ್ಲ! ಮೊದಲು ಮೂಗು ಉರಿಯಿತು. ಆಮೇಲೆ ಸೀನು ಬಂತು. ಆ ಸೀನಿಗೆ ಮೀಸೆಯ ಎಣ್ಣೆಯೆಲ್ಲ ಕಣ್ಣಿಗೆ ಹಾರಿತು. "ಅಯ್ಯಯ್ಯೋ" ಎಂದು ನಾನು ಕೊಳವೆಯೊಳಗೆ ಅರಚಿದ್ದು ಶಂಖ ಊದಿದಂತೆ ಕೇಳಿಸಿ, ಪಕ್ಕದ ದೋಣಿಯ ಬಂಗಾಳಿ ಅಜ್ಜಿಯೊಬ್ಬರು ಕೈ ಮುಗಿದರಂತೆ!

ಅಪ್ಪಲರಾಜು ನನ್ನನ್ನು ದೋಣಿಗೆ ಎಳೆದುಹಾಕಿದ. ಕುಡಿಯಲು ತಂದ ನೀರನ್ನೆಲ್ಲ ಸರೋಜ ನನ್ನ ಕಣ್ಣಿಗೆ ಸುರಿದಳು.

"ಒಂದು ಮೀನಾದ್ರೂ ಕಾಣಿಸ್ತಾ?"

"ನಕ್ಷತ್ರ ಕಾಣಿಸ್ತು" ಎಂದೆ.

ಉಳಿದಿದ್ದು ಒಂದೇ ದಿನ. ಮರುದಿನ ಕಳೆದರೆ ಹಡಗು. ಆ ಸಂಜೆ ಲಾಡ್ಜಿನ ಪಕ್ಕದ ಕ್ಷೌರದಂಗಡಿಯ ಕಡೆ ಕಾಲು ಹಾಕಿದಾಗ ಸರೋಜ ಬಾಗಿಲಿಗೆ ಅಡ್ಡ ನಿಂತಳು. ಕಾರಣವಿಷ್ಟೇ. ನಮ್ಮ ಕಡೆ ಅಪ್ಪ ಬದುಕಿರುವಾಗ ಮಗನಾದವನು ಮೀಸೆ ತೆಗೆಯುವಂತಿಲ್ಲ. ತೆಗೆದರೆ ಅದಕ್ಕೆ ಒಂದೇ ಅರ್ಥ.

"ಊರಲ್ಲಿ ಮಾವನವರು ಗುಂಡುಕಲ್ಲಿನಂಗೆ ಇದ್ದಾರೆ. ಅಪಶಕುನ ಮಾಡ್ಬೇಡಿ ರೀ!"

"ಮಧ್ಯೆ ಒಂದು ಸಮುದ್ರಾನೇ ಇದೆ. ಯಲ್ದೂರಿಗೆ ಯಾರು ಹೋಗಿ ಹೇಳ್ತಾರೆ? ಊರು ಸೇರೋದ್ರಲ್ಲಿ ಬೆಳೆದಿರುತ್ತೆ ಬಿಡು."

ಕ್ಷೌರಿಕ ಕೆಲಸ ಮುಗಿಸಿ ಕನ್ನಡಿ ಹಿಡಿದ. ಅದರಲ್ಲಿ ಯಾರೋ ಅಪರಿಚಿತ ಕುಳಿತಿದ್ದ. ಅಪ್ಪನ ಮುಖ ನೆನಪಾಯಿತು.

ಆದರೆ ಮರುದಿನ ನೀರಿನ ಮೇಲೆ ಮಲಗಿ ಕಣ್ಣು ಬಿಟ್ಟೆನಲ್ಲ, ಎಲ್ಲ ಮರೆತೆ. ಹೂಕೋಸಿನಂಥ ಹವಳ, ಜಿಂಕೆಯ ಕೊಂಬಿನಂಥ ಹವಳ, ನೇರಳೆ ಬಣ್ಣದ್ದು, ಕಂದು ಬಣ್ಣದ್ದು. ಅವುಗಳ ನಡುವೆ ಹಳದಿ ಪಟ್ಟೆಯ ಮೀನುಗಳು ಮದುವೆ ಮನೆಯ ಹೆಂಗಸರಂತೆ ಸುಮ್ಮಸುಮ್ಮನೆ ಒಳಗೂ ಹೊರಗೂ ಓಡಾಡುತ್ತಿದ್ದವು. ಒಂದು ಮೀನು ಬಂದು ನನ್ನ ಮಾಸ್ಕನ್ನೇ ದಿಟ್ಟಿಸಿತು. "ಸರೋಜಾ, ನೋಡೇ!" ಎಂದು ಕೂಗಿದೆ. ಕೊಳವೆ ಬಾಯಿಂದ ಜಾರಿ ಸಮುದ್ರದ ಕಾಲು ಭಾಗ ಕುಡಿದೆ. ಕುಡಿದರೂ ಪರವಾಗಿಲ್ಲ ಎನ್ನುವಷ್ಟು ಸುಖವಾಗಿತ್ತು. ಸರೋಜಳೂ ಸೆರಗು ಬಿಗಿದು, ಹಗ್ಗ ಹಿಡಿದು ಇಳಿದಳು. ಅವಳಿಗೆ ಮೀಸೆಯ ಸಮಸ್ಯೆ ಇಲ್ಲವಲ್ಲ, ಒಮ್ಮೆ ಮುಖ ಮುಳುಗಿಸಿದವಳು ಏಳಲೇ ಒಲ್ಲಳು!

ಬೆಳಗಿನಿಂದ ಬೋರಲು ಮಲಗಿದ್ದರ ಫಲ ಸಂಜೆಗೆ ತಿಳಿಯಿತು. ಬೆನ್ನು ಬೆಂದ ಬದನೆಕಾಯಿಯಾಗಿತ್ತು.

ಹಡಗಿನಲ್ಲಿ ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಂಡೆ. ರಾಗಿ ಕೊಯ್ದ ಹೊಲದ ಕೂಳೆಯಷ್ಟೂ ಬೆಳೆಯಲಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ತುಟಿ ಯಾರಿಗೂ ಕಾಣದಿರಲೆಂದು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದೆ. ಬೆನ್ನು ಉರಿಗೆ ಬಾಗಿತ್ತು. ಹಿಂದೆ ಸರೋಜ ದಣಿದು, ಸೆರಗು ಹೊದ್ದು, ಮಾತಿಲ್ಲದೆ ಬರುತ್ತಿದ್ದಳು. ಯಲ್ದೂರಿಗೆ ಹೊರಟಿದ್ದ ಬಸ್ಸಿನ ಕಿಟಕಿಯಲ್ಲಿ ಖಾದರ್ ಸಾಬರು ಕುಳಿತಿದ್ದರು. ವರ್ಷಾವರ್ಷ ನಮ್ಮ ತೋಪಿನ ಫಸಲನ್ನು ಗುತ್ತಿಗೆಗೆ ಹಿಡಿಯುವವರು, ಅಪ್ಪನ ಜೀವದ ಗೆಳೆಯ. ಅವರಿಗೆ ನಮಸ್ಕರಿಸಲು ಕೈ ಎತ್ತಿದೆ. ಟವೆಲ್ ಜಾರಿತು.

ಸಾಬರು ನನ್ನ ತುಟಿ ನೋಡಿದರು. ಎರಡೂ ಕೈಯಿಂದ ಹಣೆ ಚಚ್ಚಿಕೊಂಡರು. ಬಸ್ಸು ಹೊರಟಿತು!

"ಸಾಬ್ರೇ! ಹಾಗೇನೂ ಇಲ್ಲಾ!" ಎಂದು ಓಡಿದೆ. ಬೆಂದ ಬೆನ್ನು ಹೊತ್ತು ಎಷ್ಟು ದೂರ ಓಡಲಾದೀತು? ಮುಂದಿನ ಬಸ್ಸಿನಲ್ಲಿ ನಾವು ಯಲ್ದೂರು ಸೇರುವಷ್ಟರಲ್ಲಿ ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ಜಗುಲಿಯ ಮೇಲೆ ಅಪ್ಪ ಕುಳಿತಿದ್ದರು. ಪಕ್ಕದಲ್ಲಿ ಖಾದರ್ ಸಾಬರು ಕಣ್ಣೊರೆಸಿಕೊಳ್ಳುತ್ತ ಕಾಫಿ ಕುಡಿಯುತ್ತಿದ್ದರು. ಇಬ್ಬರ ನಡುವೆ, ಸಾಬರು ಅಪ್ಪನ ಅಂತಿಮ ದರ್ಶನಕ್ಕೆಂದು ತಂದಿದ್ದ ಆಳೆತ್ತರದ ಚೆಂಡುಹೂವಿನ ಹಾರ!

"ಯಾರ್ಲಾ ಸತ್ತಿದ್ದು?" ಎಂದರು ಅಪ್ಪ.

"ಯಾರೂ ಇಲ್ಲಪ್ಪ."

"ಮತ್ತೆ ಮೀಸೆ?"

ಮಾಸ್ಕು, ಉಪ್ಪಿನಕಾಯಿ, ಕ್ಷೌರ ಎಲ್ಲವನ್ನೂ ಹೇಳಿದೆ. ಖಾದರ್ ಸಾಬರು ಲೋಟ ಕೆಳಗಿಟ್ಟರು. "ಯಾ ಅಲ್ಲಾ! ಮೀನು ನೋಡೋಕೆ ಮೀಸೆ ತೆಗೆದ್ಯಾ? ಕೋಲಾರದ ಮಾರ್ಕೆಟ್‌ನಾಗೆ ಹೋಗಿದ್ರೆ ಮೀಸೆ ಇಟ್ಕೊಂಡೇ ನೋಡ್ಬೋದಿತ್ತಲ್ಲಪ್ಪಾ!"

ಊರೆಲ್ಲ ನಕ್ಕಿತು. ಅಪ್ಪ ಮಾತ್ರ ನಗಲಿಲ್ಲ. ಎಪ್ಪತ್ತು ದಾಟಿದ ಜೀವ, ಇದನ್ನೇ ಮನಸ್ಸಿಗೆ ಹಚ್ಚಿಕೊಂಡು ಹಾಸಿಗೆ ಹಿಡಿದರೆ? ಒಂದು ಮೀನಿನ ಆಸೆಗೆ ಎಂಥ ಕೆಲಸ ಮಾಡಿಬಿಟ್ಟೆ ಎಂದು ನಿಜವಾಗಿಯೂ ಹೆದರಿದೆ.

ಅಪ್ಪ ನನ್ನ ಗಲ್ಲ ಹಿಡಿದೆತ್ತಿ, ಹೆಬ್ಬೆರಳಿನಿಂದ ತುಟಿಯ ಮೇಲಿನ ಕೂಳೆ ಸವರಿ ನೋಡಿದರು.

"ನಾನ್ ಹೋದಾಗ ತೆಗೀಬೇಕಿದ್ದ ಮೀಸೇನ ಈಗ್ಲೇ ತೆಗೆದ್ಬಿಟ್ಟೆ. ಇನ್ನ ಇದು ಮೊದ್ಲಿನಂಗೆ ಬೆಳೆಯೋಗಂಟ ನಾನ್ ಹೋಗೋಂಗಿಲ್ಲ. ಹೋದ್ರೆ ನೀನು ಏನ್ಲಾ ತೆಗೀತೀಯ? ಹಾರಾನ ಎತ್ತಿಗೆ ಹಾಕೋಗು."

ಆ ಮಾತನ್ನು ಎಲ್ಲರೂ ತಮಾಷೆ ಎಂದುಕೊಂಡರು. ನಾನೂ ಹಾಗೆಂದೇ ಹೇಳಿಕೊಂಡೆ. ಆದರೆ ಮರುದಿನ ಬೆಳಿಗ್ಗೆ ಶ್ರೀನಿವಾಸಪುರದಲ್ಲಿ ಕನ್ನಡಿಯ ಮುಂದೆ ನಿಂತವನು ಸೋಪು ಹಚ್ಚಿ ಕೂಳೆಯನ್ನೂ ಬೋಳಿಸಿಬಿಟ್ಟೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬ್ಯಾಂಕಿನಲ್ಲಿ ಇದನ್ನು ಫ್ಯಾಷನ್ ಎನ್ನುತ್ತಾರೆ. ಸರೋಜ, ಸಿಪ್ಪೆ ಸುಲಿದ ಆಲೂಗಡ್ಡೆ ಎನ್ನುತ್ತಾಳೆ.

ಯಲ್ದೂರಿಗೆ ಹೋದಾಗಲೆಲ್ಲ ಅಪ್ಪ ದೂರದಿಂದಲೇ ಕೇಳುತ್ತಾರೆ: "ಬಂತೇನ್ಲಾ ಮೀಸೆ?"

"ಎಲ್ಲಿ ಬಂತಪ್ಪ, ಇನ್ನೂ ಇಲ್ಲ" ಎನ್ನುತ್ತೇನೆ, ತುಟಿಯ ಮೇಲಿನ ಬ್ಲೇಡಿನ ಗಾಯವನ್ನು ಬೆರಳಿನಿಂದ ಮುಚ್ಚಿಕೊಂಡು.