ಅರ್ಧ ಗಡ್ಡದ ಸಾಕ್ಷಿ

ಕರೆಂಟು ಇನ್ನು ಸ್ವಲ್ಪ ಹೊತ್ತು ತಡೆದುಕೊಂಡಿದ್ದರೆ ಜೈಲಿನ ಮನಶ್ಶಾಸ್ತ್ರಜ್ಞನ ಮಾನ ಉಳಿಯುತ್ತಿತ್ತು. ತಡೆದುಕೊಳ್ಳಲಿಲ್ಲ. ಗಡ್ಡ ತೆಗೆಯುವ ಯಂತ್ರ ಬಲಗೆನ್ನೆಯನ್ನು ಬೋಳು ಮಾಡಿ, ಗದ್ದದ ನಡುವಿಗೆ ಬಂದು, ಊಟವಾದ ಮೇಲೆ ಒರಗಿದ ಮಾವನವರ ಹಾಗೆ ಒಂದು ಸಲ ಗೊರ್ ಎಂದು ಸುಮ್ಮನಾಯಿತು.

ಆ ಗಡ್ಡ ಇಂದು ನಿನ್ನೆಯದಲ್ಲ. ಮನಸ್ಸಿನ ವಿದ್ಯೆ ಓದಿದವನಿಗೆ ಗಡ್ಡವಿಲ್ಲದಿದ್ದರೆ ಯಾರು ನಂಬುತ್ತಾರೆ ಎಂದು ಕಾಲೇಜಿನಲ್ಲೇ ಬಿಟ್ಟದ್ದು. ಮದುವೆಯ ಫೋಟೋದಲ್ಲೂ ಹೆಂಡತಿಗಿಂತ ಮುಂದೆ ಅದೇ ಕಾಣಿಸುತ್ತದೆ. ಹಿಂದಿನ ದಿನ ಆಕೆ, "ನಾಳೆ ಬಿಡುಗಡೆ ಸಮಿತಿ ಮುಂದೆ ಕೂತ್ಕೋಬೇಕು ಅಂತೀರಿ. ಆ ಪೊದೆ ಇಟ್ಕೊಂಡು ಹೋದ್ರೆ ನಿಮ್ಮನ್ನೇ ಕೈದಿ ಅಂದ್ಕೊಂಡು ಒಳಗೆ ಕೂರಿಸ್ತಾರೆ" ಎಂದಿದ್ದಳು. ಹೆಂಡತಿಯ ಮಾತು ಕೇಳಿದ್ದೇ ತಪ್ಪಾಯಿತು.

ಮನೆಯಲ್ಲಿ ಬೇರೆ ಬ್ಲೇಡು ಇಲ್ಲ. ಬೀದಿಯ ಕ್ಷೌರದಂಗಡಿಗೆ ಅಂದು ವಾರದ ರಜೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಗೋಡೆಯ ಮೇಲಿಂದ ಬಗ್ಗಿ ನೋಡಿ, "ನಂದೊಂದು ರೇಜರ್ ಇದೆ, ನಮ್ಮ ಬೆಕ್ಕಿಗೆ ಗಾಯವಾದಾಗ ಕೂದಲು ತೆಗೆಯೋಕೆ ಬಳಸಿದ್ದು, ತೊಳೆದಿದ್ದೀನಿ" ಎಂದರು. ಆತ ಬೇಡವೆಂದು ಕೈಮುಗಿದು, ಕರ್ಚೀಫನ್ನು ಹಲ್ಲುನೋವಿನವರ ಹಾಗೆ ಮುಖಕ್ಕೆ ಸುತ್ತಿಕೊಂಡು ಬಸ್ಸು ಹತ್ತಿದ. ಇಳಿಯುವಷ್ಟರಲ್ಲಿ ಬಸ್ಸಿನ ಅರ್ಧ ಜನ ಲವಂಗದ ಎಣ್ಣೆಯ ಗುಣಗಾನ ಮಾಡಿದ್ದರು. ಉಳಿದರ್ಧ ಜನ ಹಲ್ಲು ಕೀಳಿಸುವುದೇ ವಾಸಿ ಎಂದರು.

ಜೈಲಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕತ್ತರಿಯ ಅಕ್ಕ ಆಗಲೇ ಕೂತಿದ್ದಳು. ಕತ್ತರಿ ಎಂದರೆ ಒಳಗಿನ ಕ್ಷೌರಿಕ ಕೈದಿ. ಅವತ್ತು ಸಮಿತಿಯ ಮುಂದೆ ಬರಬೇಕಾಗಿದ್ದವನು ಅವನೇ. ಅಕ್ಕನನ್ನು ದಿನಾ ಬಡಿಯುತ್ತಿದ್ದ ಭಾವನ ಮೇಲೆ ಒಂದು ಸಂಜೆ ತನ್ನ ಕ್ಷೌರದಂಗಡಿಯ ಕತ್ತಿ ಬೀಸಿದ್ದ. ಭಾವ ಉಳಿಯಲಿಲ್ಲ. ಆಗ ಕರಿಗೂದಲಿನವನು, ಈಗ ನೆರೆತವನು. ಅಕ್ಕ ಅಂದಿನಿಂದ ಒಂದು ಭೇಟಿಯನ್ನೂ ತಪ್ಪಿಸಿರಲಿಲ್ಲ. ಇವತ್ತು ಚೀಲದಲ್ಲಿ ತಮ್ಮನಿಗೆ ಹೊಸ ಅಂಗಿ ತಂದಿದ್ದಳು. ಬಿಸಿಲು ಚುರುಗುಟ್ಟುತ್ತಿದ್ದರೂ ಮುಂಗೈ ಮುಚ್ಚುವ ಸ್ವೆಟರ್ ಹಾಕಿದ್ದಳು.

"ಸಾರ್, ನಮ್ಮ ತಮ್ಮನ್ನ ಇವತ್ತು ಬಿಡ್ತಾರಲ್ವಾ?"

"ನಾನೇನೂ ಹೇಳೋ ಹಾಗಿಲ್ಲಮ್ಮಾ. ನಿಯಮ."

ಬಾಯಿ ನಿಯಮ ಹೇಳಿತೇ ಹೊರತು ಕಣ್ಣು ನಕ್ಕುಬಿಟ್ಟಿತು. ಅವಳು ಅಷ್ಟನ್ನೇ ಗಂಟು ಕಟ್ಟಿಕೊಂಡು ಅಂಗಿಯ ಮಡಿಕೆಯನ್ನು ಇನ್ನೊಮ್ಮೆ ಸರಿ ಮಾಡಿದಳು.

ಗೇಟಿನ ಕಾವಲುಗಾರ ಕರ್ಚೀಫು ಬಿಚ್ಚಿಸಿದ. ಗುರುತಿನ ಚೀಟಿಯ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ.

"ಎಡಗಡೆ ನೀವೇ ಸಾರ್, ಅನುಮಾನ ಇಲ್ಲ. ಬಲಗಡೆ ಇರೋರು ಯಾರೋ ಗೊತ್ತಾಗ್ತಿಲ್ಲ. ಅವರಿಗೆ ಪಾಸ್ ಇದೆಯಾ?"

ನಗು ಗೇಟಿನಿಂದ ಒಳಗೆ ಅವನಿಗಿಂತ ಮುಂಚೆ ಹೋಯಿತು. ಅವನು ತನ್ನ ಕೋಣೆ ಮುಟ್ಟುವ ಹೊತ್ತಿಗೆ ಬ್ಯಾರಕ್ಕಿನ ಕಂಬಿಗಳ ಹಿಂದೆ, "ನಿಯಮದಪ್ಪ ಅರ್ಧ ಬಿಡುಗಡೆ ಆಗಿದಾನಂತೆ" ಎಂಬ ಮಾತು ಹರಡಿತ್ತು.

ನಿಯಮದಪ್ಪ ಎನ್ನುವುದು ಕೈದಿಗಳು ಇಟ್ಟ ಹೆಸರು. ಒಳಗಿನವರ ಕೈಯಿಂದ ಅವನು ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ಯಾರ ಮನಸ್ಸನ್ನು ಅಳೆಯಬೇಕೋ ಅವರ ಋಣದಲ್ಲಿ ಇರಬಾರದು ಎಂಬುದು ಮೊದಲನೆಯ ನಿಯಮ. ತನ್ನ ಕೋಣೆಯಲ್ಲಿ ಹೇಳಿದ ಮಾತು ತನ್ನ ಹೊಟ್ಟೆಯಲ್ಲೇ ಇರುತ್ತದೆ, ಯಾರ ಜೀವಕ್ಕಾದರೂ ಅಪಾಯ ಇದೆ ಎಂದರೆ ಮಾತ್ರ ಮೇಲಿನವರಿಗೆ ಹೇಳುತ್ತೇನೆ ಎಂಬುದು ಎರಡನೆಯದು. ಪ್ರತಿ ಕೈದಿಗೂ ಮೊದಲ ದಿನವೇ ಎರಡನ್ನೂ ಒಪ್ಪಿಸಿಬಿಡುತ್ತಿದ್ದ. ಕೈದಿಗಳು ತಲೆಯಾಡಿಸಿ, ಆಮೇಲೆ ತಮಗೆ ಬೇಕಾದಷ್ಟನ್ನೇ ಹೇಳುತ್ತಿದ್ದರು.

ಕತ್ತರಿಯನ್ನು ಮಾತ್ರ ಅವನು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದ. ಸಿಟ್ಟು ಹೇಗಿದೆ, ನಿದ್ದೆ ಹೇಗಿದೆ, ಪಶ್ಚಾತ್ತಾಪ ಇದೆಯೇ, ಎಲ್ಲ ಕೇಳಿದ್ದ. ಹೊರಗೆ ಹೋದರೆ ಎಲ್ಲಿರುತ್ತೀಯ ಎಂದದ್ದಕ್ಕೆ, "ಅಕ್ಕನ ಮನೇಲಿ, ಇನ್ನೆಲ್ಲಿ" ಎಂದಿದ್ದ. ಇದಕ್ಕಿಂತ ಒಳ್ಳೆಯ ಉತ್ತರ ಉಂಟೇ ಎಂದು ಖುಷಿಯಾಗಿ, ಈತನಿಂದ ಯಾರಿಗೂ ಅಪಾಯವಿಲ್ಲ ಎಂದು ಹೇಳಲು ಸಿದ್ಧನಾಗಿ ಬಂದಿದ್ದ. ಎಷ್ಟೋ ಕಾಲದ ಮೇಲೆ ಒಬ್ಬನನ್ನಾದರೂ ಹೊರಗೆ ಕಳಿಸುವ ಪುಣ್ಯ ತನಗೆ ಸಿಗುತ್ತದೆ ಎಂದು ರಾತ್ರಿಯೆಲ್ಲ ಹಿಗ್ಗಿದ್ದ.

ಸೂಪರಿಂಟೆಂಡೆಂಟ್ ಸಾಹೇಬರು ಕರೆಸಿದರು. ಅವರ ಕೆನ್ನೆ ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗೆ ಮಿರುಗುತ್ತಿತ್ತು. ದಿನಾ ಕತ್ತರಿಯ ಕೈಯಲ್ಲೇ ಕ್ಷೌರ.

"ಏನ್ರೀ, ಅವನ ಬಗ್ಗೆ ಏನು ಹೇಳ್ತೀರಿ? ಸ್ವಲ್ಪ ಸಿಟ್ಟಿದೆ ಅಂತ ಹೇಳಿ. ಸುಳ್ಳೇನೂ ಅಲ್ಲ, ಎಲ್ಲರಿಗೂ ಇರತ್ತೆ."

"ಸಾರ್, ನೀವೇ ದಿನಾ ಅವನ ಕತ್ತಿಗೆ ಕುತ್ತಿಗೆ ಕೊಡ್ತೀರಿ."

"ಒಳಗೆ ಅವನು ಬಂಗಾರ ಕಣ್ರೀ. ಹೊರಗೆ ಹೋದ್ರೆ ಹೆಂಗೋ ಏನೋ. ಅವನಂಥ ಕೈ ಮತ್ತೆ ಸಿಗಲ್ಲ. ಹೊಸಬ ಒಬ್ಬ ಬಂದಿದಾನೆ, ಕೋಳಿ ಪುಕ್ಕ ಕಿತ್ತಂಗೆ ಕೀಳ್ತಾನೆ." ಆಗಷ್ಟೇ ಅವರ ಕಣ್ಣಿಗೆ ಮುಖ ಪೂರ್ತಿ ಬಿತ್ತು. "ಇದೇನ್ರೀ ಅವತಾರ? ಸಮಿತಿ ಅಧ್ಯಕ್ಷೆ ನ್ಯಾಯಾಧೀಶೆ ಮೇಡಮ್ಮು, ಅಂಗಿ ಗುಂಡಿ ಬಿಚ್ಚಿದ್ರೂ ಆಚೆ ಕಳಿಸೋರು. ಹೋಗಿ, ಕತ್ತರಿ ಹತ್ರ ಇನ್ನರ್ಧ ತೆಗೆಸ್ಕೊಳ್ಳಿ."

"ಸಾರ್, ಇವತ್ತು ನಾನು ಅವನ ಬಗ್ಗೆ ಹೇಳಬೇಕಾದೋನು. ಅವನ ಕೈಲಿ ಕ್ಷೌರ ಮಾಡಿಸ್ಕೊಂಡ್ರೆ ನಿಯಮಕ್ಕೆ..."

"ನಿಯಮಕ್ಕೆ ಗಡ್ಡ ಇದೆಯೇನ್ರೀ? ನಿಮಗಿದೆ, ಅದೂ ಅರ್ಧ. ನಡೀರಿ."

ಹೆಡ್ ವಾರ್ಡರ್ ಬಗಲಿಗೆ ಕೈ ಹಾಕಿ, ಮದುವೆ ಬೇಡವೆನ್ನುವ ಗಂಡನ್ನು ಮಂಟಪಕ್ಕೆ ಎಳೆದೊಯ್ಯುವಂತೆ ಎಳೆದೊಯ್ದ. ಬೀಗದ ಪೆಟ್ಟಿಗೆಯಿಂದ ಕತ್ತಿ ತೆಗೆದುಕೊಟ್ಟು, ಕೈದಿಯ ಮಾತು ಕಾವಲಿನವರ ಕಿವಿಗೆ ಬೀಳಬಾರದೆಂಬ ಇವನ ಇನ್ನೊಂದು ನಿಯಮದ ಪ್ರಕಾರವೇ, ಮಾತು ಕೇಳಿಸದಷ್ಟು ದೂರ ಹೋಗಿ ನಿಂತ.

ಕತ್ತರಿ ನೊರೆ ಹಚ್ಚತೊಡಗಿದ. ಯಾವತ್ತೂ ವಟವಟ ಮಾತಾಡುವವನು ಇವತ್ತು ಅಳೆದು ತೂಗಿ ಮಾತಾಡುತ್ತಿದ್ದ.

"ಸಾರ್, ನಿಮ್ಮ ಕೋಣೆ ನಿಯಮ ಈ ಕುರ್ಚಿಗೂ ಉಂಟಾ?"

"ನೀನು ಎಲ್ಲಿ ಹೇಳಿದ್ರೂ ನನ್ನ ಹೊಟ್ಟೇಲೇ."

"ನಿಮಗೇ ಕಷ್ಟ ಬಂದ್ರೂ?"

"ಬಂದ್ರೂ." ನೊರೆಯ ಒಳಗಿಂದ ಬಂದದ್ದರಿಂದ ಮಾತಿಗೆ ಬೇಕಾದಷ್ಟು ಗಾಂಭೀರ್ಯ ಬರಲಿಲ್ಲ.

"ನನ್ನ ಬಗ್ಗೆ ಏನು ಹೇಳ್ತೀರಿ ಸಾರ್?"

ಹೇಳಬಾರದು. ಆದರೆ ಕುತ್ತಿಗೆಯ ಹತ್ತಿರ ಕತ್ತಿ ಇರುವಾಗ, ಅದರಲ್ಲೂ ಹೇಳುವುದು ಒಳ್ಳೆಯ ಸುದ್ದಿಯೇ ಆಗಿರುವಾಗ, ಯಾರಿಗೆ ತಾನೇ ತಡೆಯಲಾಗುತ್ತದೆ. "ಒಳ್ಳೇದೇ ಹೇಳ್ತೀನಿ ಕಣಯ್ಯಾ. ಸಂಜೆ ಅಕ್ಕನ ಜೊತೆ ಮನೆ ಸೇರ್ತೀಯ."

"ಒಳ್ಳೇದಾ," ಎಂದ ಕತ್ತರಿ. ಕನ್ನಡಿಯಲ್ಲಿ ಅವನ ಮುಖ ಸೋರಿದ ಬಲೂನಿನ ಹಾಗೆ ಇಳಿಯಿತು. "ಬೇರೆ ಏನಾದ್ರೂ ಹೇಳೋಕೆ ಬರಲ್ವಾ ಸಾರ್?"

"ಯಾಕೆ, ಇನ್ನೂ ಹೊಗಳಬೇಕಾ?"

ಕತ್ತರಿ ಮೆಲ್ಲಗೆ ಇವನ ತಲೆಯನ್ನು ಎಡಕ್ಕೆ ವಾಲಿಸಿದ. ಮರುಕ್ಷಣ ಬಲಗೆನ್ನೆಯಲ್ಲಿ ಏನೋ ತಣ್ಣಗೆ ಹರಿಯಿತು, ಆಮೇಲೆ ಬಿಸಿಯಾಯಿತು. ಕತ್ತಿ ಟಣ್ ಎಂದು ತಟ್ಟೆಗೆ ಬಿತ್ತು. ವಾರ್ಡರ್ ಸೀಟಿ ಊದಿದ. ಯಾರೋ ಕತ್ತರಿಯನ್ನು ಹಿಡಿದರು, ಯಾರೋ ಇವನ ಕೆನ್ನೆಗೆ ಹತ್ತಿ ತುರುಕಿದರು. ಅಷ್ಟರಲ್ಲಿ ಅಧ್ಯಕ್ಷೆಯ ಕಾರು ಗೇಟಿಗೆ ಬಂದಿತ್ತು.

ಸಮಿತಿಯ ಮೇಜಿನ ಮುಂದೆ ನಿಯಮದಪ್ಪ ನಿಂತ ಚಂದವನ್ನು ಏನೆಂದು ಹೇಳುವುದು. ಎಡಕ್ಕೆ ನೊರೆ ಒಣಗಿ ಅಂಟಿದ ಗಡ್ಡ, ಬಲಕ್ಕೆ ಪ್ಲಾಸ್ಟರು. ಪ್ಲಾಸ್ಟರಿನ ಅಂಚಿನಿಂದ ಒಂದು ಹನಿ ಇಳಿದು ಕಾಲರನ್ನು ಮುಟ್ಟುತ್ತಿತ್ತು.

"ಈತನಿಂದ ಯಾರಿಗೂ ಅಪಾಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ," ಎಂದ.

ಅಧ್ಯಕ್ಷೆ ಕನ್ನಡಕ ಇಳಿಸಿದರು. "ಕೆನ್ನೆಗೇನಾಯ್ತು?"

"ಕೈ ಜಾರಿತು ಮೇಡಂ. ಕ್ಷೌರ ಮಾಡುವಾಗ."

"ಯಾರ ಕೈ?"

"ಈತನದೇ."

"ನೀವು ಇವತ್ತೇ ಯಾರ ಬಗ್ಗೆ ಅಭಿಪ್ರಾಯ ಕೊಡಬೇಕೋ ಅವರ ಹತ್ತಿರ ಇವತ್ತೇ ಕ್ಷೌರಕ್ಕೆ ಕೂತಿರಿ."

ಸೂಪರಿಂಟೆಂಡೆಂಟರ ಕಡೆ ನೋಡಿದ. ಅವರು ಸೂರಿನಲ್ಲಿ ಹಲ್ಲಿ ಹುಡುಕುತ್ತಿದ್ದರು.

"ಇರಲಿ," ಎಂದರು ಅಧ್ಯಕ್ಷೆ. "ಗಡ್ಡ ಇರೋದು ಎಡಗಡೆ, ಗಾಯ ಇರೋದು ಬಲಗಡೆ. ಬೋಳಾಗಿರೋ ಕೆನ್ನೆ ಮೇಲೆ ಕತ್ತಿಗೇನು ಕೆಲಸ ಇತ್ತು?"

ಅವನು ಅದನ್ನು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಪ್ಲಾಸ್ಟರಿನ ಒಂದು ತುದಿ ಬಿಚ್ಚಿಕೊಂಡು ಅವನ ಪರವಾಗಿ ಗಾಳಿಯಲ್ಲಿ ಅಲ್ಲಾಡಿತು.

ಕತ್ತರಿಯನ್ನೇ ಕೇಳಿದರು. ಕೈಕಟ್ಟಿ ನಿಂತು ಅವನು ಪಾಠ ಒಪ್ಪಿಸುವವನ ಹಾಗೆ ಹೇಳಿದ. "ಜಾರಲಿಲ್ಲಮ್ಮಾ. ಸಿಟ್ಟು ಬಂತು, ಎಳೆದೆ."

ಬಿಡುಗಡೆ ಇಲ್ಲ ಎಂದಾಯಿತು. ಕತ್ತರಿಯ ಕೈಗೆ ಇನ್ನು ಕತ್ತಿ ಕೊಡಕೂಡದು, ತೋಟದ ಕೆಲಸಕ್ಕೆ ಹಾಕಿ ಎಂದಾಯಿತು. ಸೂಪರಿಂಟೆಂಡೆಂಟರು ತಮ್ಮ ಕೆನ್ನೆಯನ್ನು ಕೊನೆಯ ಸಲ ಎಂಬಂತೆ ಸವರಿಕೊಂಡರು. ನಿಯಮ ಮುರಿದ ಮನಶ್ಶಾಸ್ತ್ರಜ್ಞ ಸಮಜಾಯಿಷಿ ಕೊಡಬೇಕು, ಇನ್ನು ಮುಂದೆ ಅವನ ಅಭಿಪ್ರಾಯವನ್ನು ಬೇರೆಯವರ ಅಭಿಪ್ರಾಯದ ಜೊತೆ ತಾಳೆ ನೋಡಬೇಕು ಎಂದೂ ಆಯಿತು.

ಸಮಿತಿ ಎದ್ದ ಮೇಲೆ ಅವನು ಕತ್ತರಿಯನ್ನು ತನ್ನ ಕೋಣೆಗೆ ಕರೆಸಿದ.

"ನಿನಗೆ ನಾನೇನು ಅನ್ಯಾಯ ಮಾಡಿದ್ದೆನಯ್ಯಾ?"

"ನೀವಾ? ದೇವರಂಥೋರು. ನೋವಾಯ್ತಾ ಸಾರ್? ಹಗುರಾಗೇ ಎಳೆದೆ, ಗುರುತು ಉಳಿಯಲ್ಲ." ಕತ್ತರಿ ಕುರ್ಚಿಯ ತುದಿಯಲ್ಲಿ ಕೂತ. "ಅಕ್ಕನ ಮಗನ್ನ ನೋಡಿದೀರಾ? ಹೋದ ಸಲ ಜೊತೇಲಿ ಬಂದಿದ್ದ. ಥೇಟ್ ಅಪ್ಪ. ಅದೇ ಕುತ್ತಿಗೆ, ಅದೇ ದನಿ. ಅಕ್ಕ ಈಗ ಇರೋದು ಅವನ ಮನೇಲಿ. ಬೇಸಿಗೇಲೂ ಸ್ವೆಟರ್ ಹಾಕ್ಕೊಂಡು ಬರ್ತಾಳೆ. ಕೇಳಿದ್ರೆ ಚಳಿ ಅಂತಾಳೆ."

ನಿಯಮದಪ್ಪ ಕೆನ್ನೆಯಿಂದ ಕೈ ತೆಗೆದ.

"ಆ ಮನೇಲಿ ನನ್ನನ್ನ ಬಿಟ್ರೆ ಒಂದು ವಾರ ತಡೀತೀನಿ, ಅಷ್ಟೇ. ನನ್ನ ಕೈ ನನಗೆ ಗೊತ್ತು ಸಾರ್. ಒಂದ್ಸಲ ಅವಳನ್ನ ವಿಧವೆ ಮಾಡಿದೆ. ಇನ್ನೊಂದ್ಸಲ ಮಕ್ಕಳಿಲ್ಲದೋಳ್ನ ಮಾಡ್ಲಾ?"

"ಇದನ್ನ ಸಮಿತಿ ಮುಂದೆ ಹೇಳಬಾರದಿತ್ತಾ? ಬೇರೆ ಕಡೆ ಇರೋಕೆ ಏರ್ಪಾಡು ಮಾಡಿಸ್ತಿದ್ದೆ."

"ಬೇರೆ ಕಡೆ ಇದ್ರೆ ನನಗೆ ಕಾಲಿಲ್ವಾ? ನಡ್ಕೊಂಡು ಹೋಗ್ತೀನಿ. ಹೇಳಿದ್ರೆ ಅಕ್ಕನ ಕಿವಿಗೂ ಬೀಳತ್ತೆ. ತಮ್ಮ ಬೇಕೂಂತ್ಲೇ ಒಳಗೆ ಕೂತ ಅಂತ ಗೊತ್ತಾದ್ರೆ ಅವಳು ಬದುಕಿರಲ್ಲ ಸಾರ್."

"ನಾನು ಹೇಳ್ತೀನಿ. ಜೀವಕ್ಕೆ ಅಪಾಯ ಇದ್ರೆ ಹೇಳಬಹುದು ಅಂತ ನಿಯಮ ಇದೆ."

ಕತ್ತರಿ ಬೆಳಗಿನಿಂದ ಮೊದಲ ಸಲ ನಕ್ಕ. "ಯಾರ ಜೀವಕ್ಕೆ? ನಾನು ಒಳಗಿದೀನಿ. ಅಪಾಯ ಇಲ್ಲ. ಅಕ್ಕ ಚಳಿ ಅಂದ್ಲು, ಮಗ ಹೊಡೀತಾನೆ ಅಂತ ಯಾರೂ ಹೇಳಿಲ್ಲ. ನಾನೂ ಕಣ್ಣಾರೆ ಕಂಡಿಲ್ಲ. ಹೊಟ್ಟೇಲೇ ಇರತ್ತೆ ಅಂದ್ರಲ್ಲ ಸಾರ್, ಇಟ್ಕೊಳ್ಳಿ."

ಓದಿದ ಪುಸ್ತಕಗಳನ್ನೆಲ್ಲ ಅವನು ಮನಸ್ಸಿನಲ್ಲೇ ಮಗುಚಿ ಹಾಕಿದ. ಈ ಮಾತಿಗೆ ಎದುರುಮಾತು ಯಾವುದರಲ್ಲೂ ಇರಲಿಲ್ಲ. ವಾರ್ಡರ್ ಬಂದು ಕತ್ತರಿಯನ್ನು ತೋಟಕ್ಕೆ ಕರೆದೊಯ್ದ. ಕಿಟಕಿಯಿಂದ ನೋಡಿದರೆ, ಕೈಗೆ ಕೊಟ್ಟ ನೀರಿನ ಕೊಳವೆಯನ್ನು ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ ಅವನು ತನ್ನ ಕಾಲನ್ನೇ ತೋಯಿಸಿಕೊಳ್ಳುತ್ತಿದ್ದ.

ಸಂಜೆ ಗೇಟು ದಾಟುವಾಗ ಕಲ್ಲುಬೆಂಚನ್ನು ನೋಡದೆ ಹೋಗಬೇಕೆಂದಿದ್ದ. ಕಾಲು ಅಲ್ಲಿಗೇ ಹೋಯಿತು. ಬಿಡುಗಡೆ ಇಲ್ಲ ಎಂಬಷ್ಟು ಸುದ್ದಿ ಮಾತ್ರ ಅವಳಿಗೆ ಮುಟ್ಟಿತ್ತು. ಅಂಗಿ ಮಡಿಲಲ್ಲಿತ್ತು.

"ಬೆಳಿಗ್ಗೆ ನಕ್ಕಿರಿ. ಅದಕ್ಕೇ ನಂಬಿದ್ದೆ," ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ನೀವು ಒಂದು ಒಳ್ಳೆ ಮಾತು ಆಡಿದ್ರೆ ಬಿಡೋರಂತೆ. ಅವನು ಮನೇಲಿದ್ರೆ ನನಗೊಂದು ಧೈರ್ಯ ಇರೋದು."

ಅವಳು ಅಂಗಿಯನ್ನು ಚೀಲಕ್ಕೆ ತುರುಕುವಾಗ ಸ್ವೆಟರಿನ ತೋಳು ಮೇಲೆ ಸರಿಯಿತು. ಮುಂಗೈ ಸುತ್ತ ನಾಲ್ಕು ಬೆರಳು ಒತ್ತಿದ ಹಾಗೆ ನೀಲಿಗಟ್ಟಿತ್ತು.

"ಕೈಗೇನಾಯ್ತಮ್ಮಾ?"

ಅವಳು ಲಗುಬಗೆಯಿಂದ ತೋಳು ಎಳೆದುಕೊಂಡಳು. "ಬಚ್ಚಲಲ್ಲಿ ಬಿದ್ದೆ." ಆಮೇಲೆ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. "ನಿಮ್ಮ ಕೆನ್ನೆಗೇನಾಯ್ತಪ್ಪಾ?"

ಅವನ ಹೊಟ್ಟೆಯೊಳಗಿನದೆಲ್ಲ ಒಮ್ಮೆಗೇ ಗಂಟಲಿಗೆ ಬಂದು, ಅಲ್ಲೇ ನಿಂತು, ಮತ್ತೆ ಇಳಿಯಿತು.

"ನಾನೂ ಬಚ್ಚಲಲ್ಲೇ ಬಿದ್ದೆ," ಎಂದ.

"ನೋಡಿ ನಡೀಬೇಕಪ್ಪಾ," ಎಂದಳು ಅವಳು.

ರಸ್ತೆಯ ಆಚೆ ಮೋಟಾರುಸೈಕಲ್ಲು ನಿಲ್ಲಿಸಿಕೊಂಡಿದ್ದ ದಪ್ಪ ಕುತ್ತಿಗೆಯ ಯುವಕ ಹಾರನ್ ಒತ್ತಿದ. ಅವಳು ಬೆಚ್ಚಿ ಎದ್ದು, ಚೀಲವನ್ನು ಎದೆಗೆ ಅವಚಿಕೊಂಡು ಓಡಿದಳು. ಹಿಂದೆ ಹತ್ತಿ ಕೂತವಳನ್ನು ಒಮ್ಮೆ ತಿರುಗಿ ನೋಡಿ, ಆಮೇಲೆ ಬೆಂಚಿನ ಬಳಿ ನಿಂತವನನ್ನು ನೋಡಿ, ಯುವಕ ಜೋರಾಗಿ ನಕ್ಕ.

"ಏನ್ ಸಾರ್, ಇನ್ನರ್ಧ ಯಾವಾಗ?"