ಮೂರು ಸಂಘ, ಒಬ್ಬ ಕಂಪೌಂಡರ್

ನನ್ನನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ ಎಂದು ಒಳಗೊಳಗೇ ಕೊರಗುವವರ ಪೈಕಿ ನಾನೂ ಒಬ್ಬನಾಗಿದ್ದೆ. ಊರಿನ ನಾಟಕದವರು ನನ್ನನ್ನು ಕರೆದದ್ದು ಪರದೆ ಎಳೆಯುವುದಕ್ಕೆ. ಭಜನೆಯವರು ಒಮ್ಮೆ ಕರೆದರು. ನನ್ನ ದನಿ ಕೇಳಿದ ಮೇಲೆ ಮತ್ತೆ ಆ ಸುದ್ದಿ ಎತ್ತಲಿಲ್ಲ. ಹೀಗಿರುವಾಗ, ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ, ಮೂರು ಸಂಘಗಳು ಒಟ್ಟಿಗೇ ನನಗೆ ಆಹ್ವಾನ ಕೊಟ್ಟವು. ಯಾರೂ ಕರೆಯದೆ ಇರುವುದರಲ್ಲಿ ಎಂಥ ಸುಖವಿತ್ತು ಎಂಬುದು ನನಗೆ ಆಗಲೇ ತಿಳಿದದ್ದು. ಮದುವೆಗೆ ಕರೆದರೆ ಹೋಗಿ ಉಂಡು, ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂದು ಹೇಳಿಕೊಂಡು ಮನೆಗೆ ಬಂದುಬಿಡಬಹುದು. ಸಂಘದ ಕರೆ ಹಾಗಲ್ಲ. ಸೇರಬೇಕೋ ಬೇಡವೋ, ಒಂದಕ್ಕೆ ಸೇರಿದರೆ ಮಿಕ್ಕವರು ಏನೆಂದುಕೊಳ್ಳುತ್ತಾರೋ, ಯಾವುದಕ್ಕೂ ಸೇರದಿದ್ದರೆ ಮುಂದೆ ಕರೆಯುತ್ತಾರೋ ಇಲ್ಲವೋ. ಹೀಗೆ ನಿದ್ದೆ ಕೆಡುತ್ತದೆ.

ಮದ್ದೂರಿನ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಔಷಧದ ಅಂಗಡಿ. ಕಂಪೌಂಡರ್ ಪರೀಕ್ಷೆ ಪಾಸು ಮಾಡಿ, ಕೆಲವು ವರ್ಷ ಒಬ್ಬ ಡಾಕ್ಟರ ಕೈಕೆಳಗೆ ದುಡಿದು, ಆಮೇಲೆ ಸ್ವಂತ ಅಂಗಡಿ ಇಟ್ಟವನು ನಾನು. ಡಾಕ್ಟರು ಚೀಟಿ ಬರೆಯುತ್ತಾರೆ, ನಾನು ಮಿಕ್ಸ್‌ಚರ್ ಕಲಸುತ್ತೇನೆ. ರೋಗಿಗಳೇ ತಂದ ಸೀಸೆಗೆ ತುಂಬಿ, ಒಂದೊಂದು ಸಲಕ್ಕೆ ಎಷ್ಟು ಕುಡಿಯಬೇಕೆಂಬ ಗುರುತಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೇಲೆ ಅಂಟಿಸುತ್ತೇನೆ. ಆ ಸೀಸೆಗಳಲ್ಲಿ ಮೊದಲು ಸೀಮೆಎಣ್ಣೆ ಇತ್ತೋ ಹರಳೆಣ್ಣೆ ಇತ್ತೋ ಎಂದು ಮೂಸಿ ಹೇಳಬಲ್ಲೆ. ಇಷ್ಟು ವಿದ್ಯೆ ಇರುವವನನ್ನು ಯಾವ ಸಂಘವಾದರೂ ಬಿಟ್ಟೀತೇ ಎಂದು ನನಗೆ ಆಗ ಅನ್ನಿಸಿದ್ದುಂಟು.

ಮೊದಲನೆಯದು ಬೆಂಗಳೂರಿನ ಔಷಧಶಾಸ್ತ್ರದ ವಿದ್ವತ್ ಸಂಘ. ಅದರ ವಿಷಯ ತಂದವರು ಟೈ ಕಟ್ಟಿದ ಔಷಧ ಕಂಪನಿಯ ಏಜೆಂಟರು. ಅದಕ್ಕೆ ಸೇರಿದರೆ ಹೆಸರಿನ ಮುಂದೆ ನಾಲ್ಕು ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಬಹುದು ಎಂದರು. ನಾನು ಆ ವಾರವೇ ಅಂಗಡಿಯ ಬೋರ್ಡನ್ನು ಹೊಸದಾಗಿ ಬರೆಸಿ, ಹೆಸರಿನ ಮುಂದೆ ಅಕ್ಷರಗಳಿಗೆಂದು ಜಾಗ ಬಿಡಿಸಿದೆ. ಬೋರ್ಡಿನಲ್ಲಿ ಹೆಸರು ಎಡಕ್ಕೆ ಒತ್ತಿಕೊಂಡು ನಿಂತಿತು, ಬಲಕ್ಕೆ ಬಟ್ಟ ಬಯಲು. ಪಕ್ಕದಲ್ಲಿ ಸೈಕಲ್ ರಿಪೇರಿ ಮಾಡುವ ಗಫಾರ್ ಸಾಬರು ಅದನ್ನು ಬಹಳ ಹೊತ್ತು ನೋಡಿ, “ಪಾಲುದಾರ್ರು ಬಿಟ್ಟೋದ್ರಾ ಸಾಮಿ? ಯೋಳ್ನೇ ಇಲ್ಲ ನೀವು,” ಎಂದರು. ಸಂಜೆಯೊಳಗೆ ಪೇಟೆಯ ನಾಲ್ಕು ಜನ ಬಂದು, ಇಲ್ಲದ ಪಾಲುದಾರನ ಮೋಸದ ಬಗ್ಗೆ ನನಗೆ ಸಮಾಧಾನ ಹೇಳಿ ಹೋದರು. ಸಂಘದವರು ಮಾದರಿಗೆಂದು ಕಳಿಸಿದ ಪತ್ರಿಕೆಯಲ್ಲಿ ಕರೆಂಟಿನಿಂದ ಗುಳಿಗೆ ಒತ್ತುವ ಯಂತ್ರದ ಬಗ್ಗೆ ಉದ್ದನೆಯ ಲೇಖನವಿತ್ತು. ನನ್ನ ಅಂಗಡಿಯಲ್ಲಿ ಗುಳಿಗೆ ಒತ್ತುತ್ತಿದ್ದದ್ದು ನನ್ನ ಹೆಬ್ಬೆರಳು. ಕರೆಂಟು ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ.

ಎರಡನೆಯದು ಮಂಡ್ಯದ ಔಷಧ ವ್ಯಾಪಾರಿಗಳ ಸಂಘ. ಅಲ್ಲಿನ ದೊಡ್ಡ ಅಂಗಡಿಯ ಪುಟ್ಟಸ್ವಾಮಿ ಶೆಟ್ಟರು ಅದರ ಕಾರ್ಯದರ್ಶಿ. ಮೂರನೆಯದು ಮಳವಳ್ಳಿಯ ಕಂಪೌಂಡರುಗಳ ಸಂಘ. ಅಲ್ಲಿ ಸಣ್ಣ ಅಂಗಡಿ ಇಟ್ಟಿದ್ದ ಹಲಗೂರಿನ ಚಿಕ್ಕಲಿಂಗಯ್ಯ ಅದನ್ನು ಕಟ್ಟಿದ್ದರು. ಮೂರಕ್ಕೂ ಒಟ್ಟಿಗೆ ಸೇರುವ ಶಕ್ತಿ ನನ್ನ ಜೇಬಿಗೆ ಇರಲಿಲ್ಲ. ಊಟಕ್ಕೆ ಕೂತರೆ ಅದೇ ಮಾತು, ಎದ್ದರೆ ಅದೇ ಮಾತು. ಕಡೆಗೆ ನನ್ನ ಹೆಂಡತಿ ಪಾರ್ವತಿ, “ಯಾವುದಾದ್ರೂ ಒಂದಕ್ಕೆ ಸೇರ್ಕೊಳ್ಳಿ, ಇಲ್ಲಾಂದ್ರೆ ಬಿಡಿ. ಸೀರೆ ಅಂಗಡೀಲಿ ನಾನು ಇಷ್ಟು ಹೊತ್ತು ಆರಿಸ್ತಾ ಕೂತ್ರೆ ನೀವು ಸುಮ್ಮನಿರ್ತಿದ್ರಾ?” ಎಂದಳು. ಸಂಘ ಬೇರೆ, ಸೀರೆ ಬೇರೆ ಎಂದು ನಾನು ವಿವರಿಸಹೊರಟೆ. “ಹೌದು, ಸೀರೆ ಉಡೋಕಾದ್ರೂ ಬರತ್ತೆ,” ಎಂದು ಅವಳು ಎಲೆ ಎತ್ತಿದಳು. ಗಫಾರ್ ಸಾಬರನ್ನು ಕೇಳಿದೆ. “ನಮ್ ಕಸುಬ್ಗೆ ಸಂಗಾನೇ ಇಲ್ಲ ಸಾಮಿ. ಪಂಚರ್ ಆಯ್ತಾನೇ ಅವೆ, ನಾನು ಆಕ್ತಾನೇ ಇವ್ನಿ,” ಎಂದರು.

ನೋಡಿಯೇ ತೀರ್ಮಾನಿಸೋಣವೆಂದು ಮೊದಲು ಮಂಡ್ಯದ ಸಭೆಗೆ ರೈಲು ಹತ್ತಿದೆ. ಜಾವಾ ದ್ವೀಪ ಜಪಾನಿನವರ ಕೈಗೆ ಹೋದ ಮೇಲೆ ಅಲ್ಲಿಂದ ಬರುತ್ತಿದ್ದ ಚಳಿಜ್ವರದ ಮದ್ದು ಕ್ವಿನೈನ್ ಸಿಗುವುದು ದುರ್ಲಭವಾಗಿತ್ತು. ನಾಲೆಯ ಬಯಲಿನ ಹಳ್ಳಿಗಳಲ್ಲೋ ಚಳಿಜ್ವರ ಮನೆಮನೆಗೆ ನೆಂಟನಂತೆ ಬಂದು ಹೋಗುತ್ತಿತ್ತು. ಇರುವ ಕ್ವಿನೈನನ್ನು ಅಂಗಡಿಗಳವರು ಹೇಗೆ ಹಂಚಿಕೊಳ್ಳಬೇಕು ಎಂಬುದೇ ಸಭೆಯ ಮುಖ್ಯ ವಿಷಯ ಎಂದಿದ್ದರು. ಆದರೆ ಫೋಟೋ ತೆಗೆಯುವವನು ಬಂದು ಕಾದಿದ್ದ. ಬೆಳಕಿರುವಾಗಲೇ ಅದೊಂದು ಮುಗಿಯಲಿ ಎಂದರು ಶೆಟ್ಟರು. ಕುರ್ಚಿಯ ಮೇಲೆ ಯಾರು ಕೂರಬೇಕು, ಯಾರು ನಿಲ್ಲಬೇಕು ಎಂಬ ಚರ್ಚೆ ಶುರುವಾಯಿತು. ಅಂಗಡಿಯ ವಯಸ್ಸಿನ ಪ್ರಕಾರ ಎಂದರು ಕೆಲವರು, ಮನುಷ್ಯನ ವಯಸ್ಸಿನ ಪ್ರಕಾರ ಎಂದರು ಹಲವರು. ಒಬ್ಬರು ಕೋಪಿಸಿಕೊಂಡು ಹೊರಟೇ ಹೋದರು, ಅವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಬೇಕಾಯಿತು. ಫೋಟೋ ಮುಗಿಯುವ ಹೊತ್ತಿಗೆ ನನ್ನ ರೈಲಿನ ಹೊತ್ತಾಗಿತ್ತು. ಕ್ವಿನೈನ್ ವಿಷಯ ಮುಂದಿನ ಸಭೆಗೆ ಹೋಯಿತು.

ಮಳವಳ್ಳಿಯ ಸಭೆ ಶಾಲೆಯ ಜಗಲಿಯಲ್ಲಿ. ಅಲ್ಲಿ ಕುರ್ಚಿಯೇ ಇರಲಿಲ್ಲವಾದ್ದರಿಂದ ಆ ಜಗಳವಿಲ್ಲ. ಅವರ ಕಷ್ಟ ಬೇರೆ: ‘ಕಂಪೌಂಡರ್’ ಎಂಬ ಹೆಸರು ಗೌರವದ್ದಲ್ಲ, ಬೇರೆ ಹೆಸರು ಬೇಕು. ‘ಭೇಷಜ ಪಂಡಿತ’ ಎಂದರು ಒಬ್ಬರು. “ಅಂಗಂದ್ರೆ ನಮ್ಮೂರಲ್ಲಿ ದನಕ್ಕೆ ಔಸ್ತಿ ಮಾಡೋನು ಅಂದ್ಕೋತಾರೆ,” ಎಂದರು ಇನ್ನೊಬ್ಬರು. ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡ ಮೇಲೆ ಚರ್ಚೆಯ ಕಾವು ಇಳಿದು, ಕೆಲವರು ಕಂಬಕ್ಕೊರಗಿ ಹಳೆಯ ಹೆಸರಿನಲ್ಲೇ ನಿದ್ದೆಹೋದರು. ಸಭೆ ಮುಗಿದಾಗ ಚಿಕ್ಕಲಿಂಗಯ್ಯ ಪ್ರತಿಯೊಬ್ಬರ ಹತ್ತಿರವೂ ಹೋಗಿ, “ನಿಮ್ತಾವ ಏನೈತೆ, ಏನಿಲ್ಲ?” ಎಂದು ಕೇಳುತ್ತಿದ್ದರು. ನನ್ನನ್ನೂ ಕೇಳಿದರು. ಇವರಿಗೇಕೆ ನನ್ನ ಅಂಗಡಿಯ ವಿಷಯ ಎಂದು ನಾನು, “ಎಲ್ಲಾ ಇದೆ,” ಎಂದೆ. ಮನೆಗೆ ಬಂದು ಪಾರ್ವತಿಗೆ ಭೇಷಜ ಪಂಡಿತರ ಕಥೆ ಹೇಳಿ ನಕ್ಕೆ. ಯಾವುದಕ್ಕೂ ಸೇರುವುದು ಬೇಡ, ಇನ್ನೂ ಯೋಚಿಸೋಣ ಎಂದು ಮಲಗಿದೆ.

ಮಳೆಗಾಲ ಮುಗಿಯುತ್ತಲೇ ಜ್ವರ ಜೋರಾಯಿತು. ಒಂದು ಬೆಳಿಗ್ಗೆ ಗೆಜ್ಜಲಗೆರೆಯ ಕಡೆಯ ನಿಂಗೇಗೌಡ ಎಂಬ ರೈತ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಎರಡು ಕಂಬಳಿ ಹೊದಿಸಿದ್ದರೂ ಗಾಡಿಯ ಹಲಗೆ ಅಲುಗುವಂತೆ ಆಕೆ ನಡುಗುತ್ತಿದ್ದಳು. ಡಾಕ್ಟರ ಚೀಟಿಯಲ್ಲಿದ್ದದ್ದು ಕ್ವಿನೈನ್. ನನ್ನ ಸೀಸೆಯಲ್ಲಿದ್ದದ್ದು ತಳದ ಬಿಳುಪು. ಆಸ್ಪತ್ರೆಗೂ ಬರಬೇಕಾದದ್ದು ಬಂದಿರಲಿಲ್ಲ. ನಿಂಗೇಗೌಡನ ತಮ್ಮನನ್ನು ರೈಲಿನಲ್ಲಿ ಮಂಡ್ಯದ ಶೆಟ್ಟರ ಬಳಿಗೆ ಅಟ್ಟಿದೆ. ಅವನು ಮಧ್ಯಾಹ್ನ ಹಿಂತಿರುಗಿ, ಕಾಗದದಲ್ಲಿ ಸುತ್ತಿದ ಚಪ್ಪಟೆಯ ವಸ್ತುವೊಂದನ್ನು ಕೊಟ್ಟ. “ಕೊಯ್ನಾ ಅವರತ್ರಾನೂ ಇಲ್ವಂತೆ. ಇದ ನಿಮ್ಗೆ ಕೊಡು ಅಂದ್ರು,” ಎಂದ. ಸಂಘದ ಫೋಟೋ. ಹಿಂದಿನ ಸಾಲಿನಲ್ಲಿ, ಯಾರದೋ ಪೇಟದ ಹಿಂದೆ, ನನ್ನ ಒಂದು ಕಿವಿ ಸ್ಪಷ್ಟವಾಗಿ ಬಂದಿತ್ತು.

ಗಾಡಿಯ ಪಕ್ಕದಲ್ಲಿ ಕೂತಿದ್ದ ನಿಂಗೇಗೌಡ ನನ್ನ ಮುಖವನ್ನೇ ನೋಡಿದ. “ಎಂಗ್ ಸಾಮಿ ಈಗ?” ಎಂದ, ಅಷ್ಟೆ. ಪಾರ್ವತಿ ಆಕೆಯನ್ನು ಅಂಗಡಿಯ ಹಿಂದಿನ ನಮ್ಮ ಮನೆಯೊಳಗೆ ಮಲಗಿಸಿ ಬಿಸಿನೀರು ಕುಡಿಸುತ್ತಿದ್ದಳು. ಹಣೆ ಮುಟ್ಟಿ ನೋಡಿದೆ, ಕೈ ಇಡಲಾಗಲಿಲ್ಲ. ನನಗೆ ಮಳವಳ್ಳಿಯಲ್ಲಿ ಏನಿದೆ ಏನಿಲ್ಲವೆಂದು ಎಲ್ಲರನ್ನೂ ಕೇಳುತ್ತಿದ್ದ ಚಿಕ್ಕಲಿಂಗಯ್ಯನವರ ನೆನಪಾಯಿತು. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಓಡುತ್ತಿದ್ದ ಇದ್ದಿಲಿನ ಗ್ಯಾಸಿನ ಬಸ್ಸು ಅಂದು ಕೆಟ್ಟು ನಿಂತಿತ್ತು. ನನಗೆ ಸೈಕಲ್ ತುಳಿಯಲು ಬಾರದು. ಗಫಾರ್ ಸಾಬರು ರಿಪೇರಿಗೆ ಬಂದ ಯಾರದೋ ಸೈಕಲ್ಲನ್ನು ಹೊರಕ್ಕೆ ತಳ್ಳಿ, “ಕ್ಯಾರಿಯರ್ ಮ್ಯಾಕೆ ಕುಂತ್ಕಳಿ. ಅಲ್ಲಾಡ್ಬ್ಯಾಡಿ,” ಎಂದರು. ಮಳವಳ್ಳಿಯವರೆಗೆ ಒಂದೊಂದು ಹಳ್ಳವೂ ನನ್ನ ಬೆನ್ನುಮೂಳೆಗೆ ತನ್ನ ಗುರುತು ಹೇಳಿತು. ಏರು ಬಂದರೆ ಇಳಿದು ನಾನು ತಳ್ಳಬೇಕು, ಇಳಿಜಾರು ಬಂದರೆ ದೇವರ ಹೆಸರು ಹೇಳಬೇಕು. ಚಿಕ್ಕಲಿಂಗಯ್ಯ ಏನೆನ್ನುವರೋ ಎಂಬ ಅಳುಕು ಬೇರೆ. ಎಲ್ಲಾ ಇದೆ ಎಂದು ಹೇಳಿದ್ದವನು ನಾನು.

ಅವರ ಅಂಗಡಿಯ ಮುಂದೆ ಇಳಿದಾಗ ನನ್ನ ಕಾಲುಗಳು ನನ್ನವೆಂದು ಅನ್ನಿಸಲಿಲ್ಲ. ವಿಷಯ ಹೇಳಿ, “ನಾನು ಸಂಘಕ್ಕೆ ಸೇರೋ ವಿಚಾರ…” ಎಂದು ರಾಗ ಎಳೆದೆ. “ಸಂಗ ಆಮ್ಯಾಕ್ ನೋಡಾವ. ಮೊದ್ಲು ಸೀಸೆ ಇಡೀರಿ,” ಎಂದು ಚಿಕ್ಕಲಿಂಗಯ್ಯ ತಮ್ಮಲ್ಲಿದ್ದದ್ದನ್ನು ತಕ್ಕಡಿಯಲ್ಲಿ ಎರಡು ಸಮಭಾಗ ಮಾಡಿ, ಒಂದನ್ನು ನನಗೆ ಕೊಟ್ಟರು. ಇಷ್ಟು ಕೊಟ್ಟರೆ ನಿಮ್ಮ ರೋಗಿಗಳಿಗೇನು ಎಂದೆ. “ಇದು ಮುಗುದ್ರೆ ನಮ್ ಸಂಗದ ಕಿರುಗಾವಲಿನೋರ್ತಾವ ಐತೆ. ಸಬೆ ದಿನಾನೇ ಕೇಳಿಟ್ಕಂಡಿವ್ನಿ,” ಎಂದರು. ಗಫಾರ್ ಸಾಬರಿಗೆ ಮಜ್ಜಿಗೆ ಕೊಟ್ಟು, ಚಕ್ರಕ್ಕೆ ಗಾಳಿ ಸಾಕೇ ಎಂದು ಒತ್ತಿ ನೋಡಿ ನಮ್ಮನ್ನು ಕಳಿಸಿದರು. ನಾನು ಸೀಸೆಯನ್ನು ಎದೆಗೊತ್ತಿಕೊಂಡು ಮತ್ತೆ ಕ್ಯಾರಿಯರ್ ಹತ್ತಿದೆ.

ದೀಪ ಹಚ್ಚುವ ಹೊತ್ತಿಗೆ ಮದ್ದೂರಿಗೆ ಬಂದು ಮಿಕ್ಸ್‌ಚರ್ ಕಲಸಿ ಕೊಟ್ಟೆ. ನಿಂಗೇಗೌಡನ ಹೆಂಡತಿ ಒಂದು ವಾರ ನಮ್ಮ ಪಡಸಾಲೆಯಲ್ಲೇ ಇದ್ದು, ಜ್ವರ ಬಿಟ್ಟು, ಪಾರ್ವತಿಗೆ ಸೊಪ್ಪಿನ ಸಾರು ಮಾಡುವುದರಲ್ಲಿನ ತಪ್ಪುಗಳನ್ನು ತಿದ್ದುವಷ್ಟು ಚೇತರಿಸಿಕೊಂಡಳು. ಹೊರಡುವಾಗ ನಿಂಗೇಗೌಡ ಏನಾದರೂ ಒಳ್ಳೆಯ ಮಾತು ಆಡುವನೆಂದು ಬಾಗಿಲಲ್ಲಿ ನಿಂತಿದ್ದೆ. “ಮುಂಚೇನೇ ತಂದಿಟ್ಕಂಡಿದ್ರೆ ಈಪಾಟಿ ಓಡಾಡಂಗಿರ್ನಿಲ್ಲ ಕಣ್ ಸಾಮಿ,” ಎಂದು ಎತ್ತು ಹೊಡೆದ.

ಮರುದಿನವೇ ಮಳವಳ್ಳಿಯ ಸಂಘಕ್ಕೆ ಸೇರಿದೆ. ಅವರಿಗೆ ಹೊಸ ಹೆಸರು ಇನ್ನೂ ಸಿಕ್ಕಿರಲಿಲ್ಲ. ಸಿಗದಿದ್ದರೂ ಚಿಂತೆಯಿಲ್ಲವೆಂದು ಅನ್ನಿಸಿತು. ನಾನು ಸದಸ್ಯನಾಗಿ ಕೂತ ಮೊದಲ ಸಭೆಯಲ್ಲಿ ಚಿಕ್ಕಲಿಂಗಯ್ಯ ಎದ್ದು, ನಮ್ಮದು ಸಣ್ಣ ಸಂಘ, ಮೈಸೂರಿನಲ್ಲೂ ಬೆಂಗಳೂರಿನಲ್ಲೂ ದೊಡ್ಡ ದೊಡ್ಡ ಮಹಾಸಂಘಗಳಿವೆ, ನಾವು ಅವುಗಳಲ್ಲಿ ಯಾವುದಕ್ಕೆ ಸೇರಬೇಕೆಂದು ಯಾರಾದರೂ ನೋಡಿ ಹೇಳಬೇಕು ಎಂದರು. ಈ ವಿಷಯದಲ್ಲಿ ಅನುಭವ ಇರುವವರು ನಮ್ಮಲ್ಲಿ ಒಬ್ಬರೇ ಎಂದು ಯಾರೋ ಹೇಳಿದರು. ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ನಾನು ಎದ್ದು ಕೋಟು ಸರಿಮಾಡಿಕೊಂಡು, ಇದು ಅವಸರದಲ್ಲಿ ತೀರ್ಮಾನಿಸುವ ಮಾತಲ್ಲ, ಎಲ್ಲಾ ಕಡೆಯಿಂದಲೂ ಯೋಚಿಸಬೇಕು, ಕಡಿಮೆಯೆಂದರೂ ಒಂದು ವರ್ಷ ಬೇಕಾಗುತ್ತದೆ ಎಂದೆ. ಸಭೆ ಚಪ್ಪಾಳೆ ತಟ್ಟಿ ಒಪ್ಪಿತು.