ತೂಕ ಹಾಕಿ ಕೊಟ್ಟ ಲ್ಯಾಪ್‌ಟಾಪು

ನಮ್ಮ ಸೋದರಮಾವ ಹೇಳಿದ ದಿನಕ್ಕೆ ಒಡವೆ ಮಾಡಿಕೊಟ್ಟದ್ದನ್ನು ಕಣ್ಣಾರೆ ಕಂಡವರು ಇಡೀ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಒಬ್ಬರಿದ್ದರೂ ಅವರಿಗೆ ನಾನು ಹೋಳಿಗೆ ಊಟ ಹಾಕಿಸುತ್ತೇನೆ. ಧೈರ್ಯವಾಗಿಯೇ ಹೇಳುತ್ತಿದ್ದೇನೆ, ಬೇಳೆ ಖರ್ಚಾಗುವ ಭಯವಿಲ್ಲ! ಕಿವಿ ಚುಚ್ಚುವ ಶಾಸ್ತ್ರಕ್ಕೆಂದು ಒಪ್ಪಿಕೊಂಡ ಓಲೆ ಮಗು ಶಾಲೆಗೆ ಸೇರಿದ ಮೇಲೆ ಬಂದಿದೆ. ನನ್ನ ಮದುವೆಗೆಂದು ಹೇಳಿದ ಜುಮುಕಿ ನನ್ನ ಸೀಮಂತಕ್ಕೆ ಬಂತು. ಕೇಳಿದರೆ ಒಂದೇ ಉತ್ತರ: ಅವಸರದಲ್ಲಿ ಮಾಡಿದ್ದಕ್ಕೆ ಆಯುಸ್ಸಿಲ್ಲ.

ಇಂಥ ಮನುಷ್ಯ ಒಂದು ದಿನ ಬೆಳಗ್ಗೆ ಫೋನು ಮಾಡಿ, ಬರುವ ಸೋಮವಾರದೊಳಗೆ ಲ್ಯಾಪ್‌ಟಾಪು ಸಿದ್ಧವಾಗಲೇಬೇಕು ಎಂದರೆ ನಾನು ಗಾಬರಿಯಾಗದೆ ಇರುವುದು ಹೇಗೆ? ನಾನು ಪಾಂಡವಪುರದಲ್ಲಿ ಮೇಷ್ಟ್ರ ಕೆಲಸದವಳು. ಬಿ.ಎಡ್. ಓದುವಾಗ ಕೊಂಡಿದ್ದ ನನ್ನ ಹಳೆಯ ಲ್ಯಾಪ್‌ಟಾಪನ್ನು, ಒಡವೆಯ ಡಿಸೈನು ನೋಡಿಕೊಳ್ಳಲಿ ಎಂದು ಮಾವನಿಗೆ ಕೊಟ್ಟಿದ್ದೆ. ಅದರ ಮೇಲೆ ಈಗೇಕೆ ಇಷ್ಟು ಅವಸರ ಎಂದು ಕೇಳಿದೆ.

"ಸೋಮವಾರ ಪಾಠ ಶುರುವಾಯ್ತದೆ ಕಣವ್ವ. ಬಿಸಿಎ ಸೇರ್ಕಂಡಿವ್ನಿ, ಮನೇಲೇ ಕುಂತು ಓದೋದು."

ಮಾವನಿಗೆ ಐವತ್ತನಾಲ್ಕು. ಹತ್ತನೇ ಕ್ಲಾಸಿನ ಗಣಿತ ಪಾಸು ಮಾಡಲು ಮೂರು ಸಲ ಕೂತವರು, ಆಮೇಲೆ ಅದೇನೋ ಹಟಕ್ಕೆ ಪಿಯುಸಿಯನ್ನೂ ಮುಗಿಸಿದವರು. ಈಗ ವಿಶ್ವವಿದ್ಯಾಲಯದ ಕಂಪ್ಯೂಟರ್ ಪದವಿಯಂತೆ! ಸುದ್ದಿ ಬಸ್ಸಿಗಿಂತ ಮೊದಲೇ ಪಕ್ಕದ ಊರು ಸಿಂಧಘಟ್ಟವನ್ನೂ ಮುಟ್ಟಿತು. ಟೀ ಅಂಗಡಿಯಲ್ಲಿ ಕೂತವರು, ಆಚಾರ್ರು ಯೂನಿಫಾರಂ ಹೊಲಿಸಿದರೋ ಇಲ್ಲವೋ ಎಂದು ವಿಚಾರಿಸಿದರಂತೆ. ಮಾವ ಅವರ ಜೊತೆ ತಾವೂ ನಕ್ಕು, ಟೀ ಕುಡಿದು ಬಂದರಂತೆ.

ನಾನು ಕೆ.ಆರ್. ಪೇಟೆಗೇ ಹೋಗಿ ಬುದ್ಧಿ ಹೇಳಲು ನೋಡಿದೆ. ಆ ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಪರದೆ ಮೂಡುವಷ್ಟರಲ್ಲಿ ಉಪ್ಪಿಟ್ಟು ಕೆದಕಿ ಇಳಿಸಬಹುದು. ಫ್ಯಾನಿನ ಸದ್ದು ರಾಗಿ ಮಿಷನ್ನಿನದು. ಹೊಸದನ್ನೇ ಕೊಂಡುಬಿಡೋಣ ಎಂದೆ. ಮಾವ ನನ್ನ ಮುಖವನ್ನು ಕರುಣೆಯಿಂದ ನೋಡಿದರು.

"ಅಳೇ ಚಿನ್ನ ಇದ್ರೆ ಕರಗ್ಸಿ ಬ್ಯಾರೆ ಮಾಡ್ಸ್ತಾರೆ ಕಣ್ಮಗ. ತಿಪ್ಪೆಗೆ ಆಕ್ತಾರಾ?"

ಆದರೂ ನ್ಯಾಯವಾಗಿ ಎರಡೂ ಕಡೆ ನೋಡಬೇಕಲ್ಲ ಎಂದು, ನನ್ನನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಒಂದು ಕಂಪ್ಯೂಟರ್ ಅಂಗಡಿಗೆ ಬಂದರು. ಅಲ್ಲಿದ್ದ ಹೆಣ್ಣುಮಗಳು ಥಳಥಳ ಹೊಳೆಯುವ ಹೊಸದೊಂದನ್ನು ತಂದು ಮುಂದಿಟ್ಟಳು. ಇಡೀ ಮೈ ಲೋಹದ್ದು ಸಾರ್ ಎಂದು ಬಾಯಿತಪ್ಪಿ ಹೇಳಿದಳು. ಅಕ್ಕಸಾಲಿಗಳ ಮುಂದೆ ಲೋಹದ ಮಾತು ಆಡಬಹುದೆ? ಮಾವ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಇನ್ನೊಂದು ಜೇಬಿನಿಂದ ಒರೆಗಲ್ಲು ಹೊರಗೆ ಬಂತು. ನಾನು ಕೈ ಹಿಡಿದುಕೊಳ್ಳುವುದರೊಳಗೆ ಆ ಹೊಸ ಲ್ಯಾಪ್‌ಟಾಪಿನ ಮೂಲೆಯನ್ನು ಕಲ್ಲಿಗೆ ತೀಡಿಯೇ ಬಿಟ್ಟರು! ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದಿದ್ದಾರೆ ಎಂಬ ತೀರ್ಪೂ ಬಂತು. ಆ ಹುಡುಗಿಗೆ ನಾನು ಎಷ್ಟು ಸಲ ಕೈಮುಗಿದೆನೋ ಲೆಕ್ಕವಿಲ್ಲ. ಆಮೇಲಿನಿಂದ ಆ ರಸ್ತೆಯಲ್ಲಿ ನಾನು ತಲೆತಗ್ಗಿಸಿಕೊಂಡೇ ಓಡಾಡುತ್ತೇನೆ.

ಹೀಗೆ ಹೊಸದರ ಕಥೆ ಮುಗಿಯಿತು. ಹಳೆಯದನ್ನೇ ಸರಿಮಾಡಿಸುವುದೆಂದು ಮಾವ ನಿರ್ಧರಿಸಿಬಿಟ್ಟರು. ಮಾವನ ನಿರ್ಧಾರವೆಂದರೆ ಒಲೆ ಮೇಲಿನ ಹಾಲಲ್ಲ, ನೀರು ಚಿಮುಕಿಸಿ ಇಳಿಸಲು. ಮನೆಗೆ ಹೋದವರೇ ಕಿಟಕಿ ಪಕ್ಕದ ತಮ್ಮ ಕೆಲಸದ ಗದ್ದಿಗೆಯ ಮೇಲೆ ಕೂತರು. ಆ ಜಾಗ ಅವರ ಅಪ್ಪ ಕೂತು ಕೆಲಸ ಮಾಡಿದ್ದು. ಅದರ ಮೇಲೆ ಬೇರೆಯವರು ಕೂರುವುದಿರಲಿ, ಕೈಯೂರಿದರೂ ಮಾವ ಸಿಡುಕುತ್ತಿದ್ದರು. ಅಲ್ಲಿ ಬಿಳಿ ಕಾಗದ ಹಾಸಿ, ಲ್ಯಾಪ್‌ಟಾಪಿನ ತಿರುಪು ಬಿಚ್ಚಿ, ಒಡವೆ ಉಜ್ಜುವ ಬ್ರಶ್ಶಿನಿಂದ ಒಳಗಿನ ಧೂಳನ್ನೆಲ್ಲ ಉದುರಿಸಿದರು. ಒಳ್ಳೆಯ ಕೆಲಸವೇ. ಆದರೆ ಆ ಧೂಳನ್ನು ಪೊಟ್ಟಣ ಕಟ್ಟಿ, ಅಂಗಡಿ ಕಸ ತುಂಬುವ ಡಬ್ಬಕ್ಕೆ ಹಾಕಿದರು! ಅಕ್ಕಸಾಲಿಗಳು ಕಸ ಬಿಸಾಡುವುದಿಲ್ಲ. ಅದರಲ್ಲಿ ಚಿನ್ನದ ಪುಡಿ ಇರುತ್ತದೆಂದು ವರ್ಷಗಟ್ಟಲೆ ಕೂಡಿಟ್ಟು, ಕಸ ತೊಳೆಯುವವರಿಗೆ ಕೊಡುತ್ತಾರೆ. ಇದರಲ್ಲಿದ್ದದ್ದು ನಾನು ಬಿ.ಎಡ್. ಕಾಲದಲ್ಲಿ ತಿಂದ ಚಕ್ಕುಲಿಯ ಪುಡಿ ಎಂದು ಹೇಳಿದರೆ ಕೇಳಬೇಕಲ್ಲ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ನಾಗಮಂಗಲದಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಒಳ್ಳೆಯ ಕೈ ಎಂದು ಯಾರೋ ಹೇಳಿದರು. ಶುಕ್ರವಾರ ಅಲ್ಲಿಗೆ ಹೋದೆವು. ಮಾವ ಜೇಬಿನಿಂದ ಒಂದು ಚೀಟಿ ತೆಗೆದು ಓದತೊಡಗಿದರು. ಪ್ರೋಗ್ರಾಂ ಬರೆಯುವಾಗಲೇ ವಿಡಿಯೋ ಪಾಠವೂ ತೆರೆದಿದ್ದರೆ ಯಂತ್ರ ತಡೆಯುತ್ತದೆಯೆ? ಮೂರು ವರ್ಷ ಬಾಳುತ್ತದೆಯೆ? ಅಂಗಡಿಯವನೂ ನಾನೂ ಮುಖ ಮುಖ ನೋಡಿಕೊಂಡೆವು, ಅಷ್ಟು ಸರಿಯಾದ ಪ್ರಶ್ನೆಗಳು. ಚೀಟಿಯ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಮಾವನದು ಕೋಳಿ ಕೆದಕಿದ ಅಕ್ಷರ. ಬುದ್ಧಿವಂತೆಯಾದ ನಾನು ಅದನ್ನು ಆಗಲೇ ಗಮನಿಸಬೇಕಿತ್ತು. ರಿಪೇರಿಯವನು ಒಳಗೆಲ್ಲ ನೋಡಿ, ಹಳೆಯ ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮು ಜಾಸ್ತಿ ಮಾಡಿದರೆ ಬಿಸಿಎಗೆ ಧಾರಾಳವಾಯಿತು, ಹೊಸದು ಬೇಡ ಎಂದ. ಮಾವನ ಎದೆ ಒಂದಿಂಚು ಉಬ್ಬಿತು.

ಉಬ್ಬಿದ್ದು ಶನಿವಾರ ಸಂಜೆಯವರೆಗೆ. ರಿಪೇರಿಯಾದ ಲ್ಯಾಪ್‌ಟಾಪನ್ನು ಮನೆಗೆ ತಂದವರು ನನಗೆ ಫೋನು ಮಾಡಿ, ಮೋಸ ಆಗಿದೆ ಎಂದರು. ನಾನು ಕೇಳಿದ್ದನ್ನು ನೀವೂ ನಂಬುವುದಿಲ್ಲ. ರಿಪೇರಿಗೆ ಕೊಡುವ ಮೊದಲು ಅದನ್ನು ಬೆಳ್ಳಿ ಸಾಮಾನು ತೂಗುವ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಂಡಿದ್ದರಂತೆ. ಈಗ ಐವತ್ತು ಗ್ರಾಂ ಕಡಿಮೆ ಬರುತ್ತಿತ್ತಂತೆ!

ಭಾನುವಾರ ಬೆಳಗ್ಗೆ ಮಾವ ತೊಡೆಯ ಮೇಲೆ ತಕ್ಕಡಿ, ನಾನು ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಮತ್ತೆ ನಾಗಮಂಗಲದ ಬಸ್ಸಿನಲ್ಲಿ ಕೂತೆವು. ಪುಣ್ಯಕ್ಕೆ ಅಂಗಡಿ ತೆರೆದಿತ್ತು. ಆತ ಪುಣ್ಯಾತ್ಮ, ಸಿಟ್ಟಾಗಲಿಲ್ಲ. ಹಳೆಯದರಲ್ಲಿ ತಿರುಗುವ ತಟ್ಟೆ ಇರುತ್ತದೆ, ಹೊಸದರಲ್ಲಿ ಇಲ್ಲ, ಅದಕ್ಕೇ ಹಗುರ ಎಂದು ಹೇಳಿ, ತೆಗೆದ ಡಿಸ್ಕನ್ನೂ, ಹೊಸದಾಗಿ ಹಾಕಿದಂಥದೇ ಇನ್ನೊಂದು ಎಸ್‌ಎಸ್‌ಡಿ, ರ‍್ಯಾಮನ್ನೂ ತಕ್ಕಡಿಗಿಟ್ಟು ತೋರಿಸಿದ. ಲೆಕ್ಕ ಗ್ರಾಮಿಗೆ ಗ್ರಾಂ ಸರಿಹೋಯಿತು. ಮಾವ ಎದ್ದು ನಿಂತು ಕೈಮುಗಿದರು.

"ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬುಡಾಕಿಲ್ಲ ಅಂತ ಜನ ನಮ್ಮುನ್ನ ಅನುಮಾನ ಪಡ್ತಾರೆ. ಇವತ್ತು ನಾನೇ ನಿನ್ನ ಮ್ಯಾಲೆ ಅನುಮಾನ ಪಟ್ಬುಟ್ಟೆ. ತಪ್ಪಾಯ್ತು ಕಣಪ್ಪ."

ಬರುವಾಗ ಹಳೆಯ ಡಿಸ್ಕನ್ನು ಕೇಳಿ ಇಸಿದುಕೊಂಡು ಬಂದರು, ಆ ಮಾತು ಬೇರೆ.

ಮಧ್ಯಾಹ್ನ ಕೆ.ಆರ್. ಪೇಟೆಯ ಮನೆಯಲ್ಲಿ ಗುಂಡಿ ಒತ್ತಿದೆ. ಉಪ್ಪಿಟ್ಟಿರಲಿ, ಒಗ್ಗರಣೆಯ ಸಾಸಿವೆ ಸಿಡಿಯುವುದರೊಳಗೆ ಪರದೆ ಮೂಡಿತು. ಪಾಠದ ಜಾಲತಾಣದಲ್ಲಿ ಹೆಸರು ಹಾಕಬೇಕು, ಪ್ರವೇಶದ ಕಾಗದ ಕೊಡಿ ಎಂದೆ. ಮಾವ ಕೊಟ್ಟರು. ಅದರಲ್ಲಿದ್ದ ಫೋಟೋ ಅತ್ತೆಯದು.

ನಾನು ಕಾಗದ ನೋಡಿದೆ, ಮಾವನನ್ನು ನೋಡಿದೆ. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಒರಗಿ ನಿಂತಿದ್ದರು. ಮದುವೆಗೆ ಮುಂಚೆ ಸೈನ್ಸಿನಲ್ಲಿ ಕಾಲೇಜಿಗೇ ಮೊದಲು ಬಂದಿದ್ದವರು. ನಾಗಮಂಗಲದ ಚೀಟಿಯ ಮುತ್ತಿನಂಥ ಅಕ್ಷರವೂ ಅವರದೇ. ಹಾಗಾದರೆ ಊರಿಗೆಲ್ಲ ತಾವೇ ಓದುತ್ತಿರುವುದಾಗಿ ಏಕೆ ಹೇಳಿಕೊಂಡು ಬಂದಿರಿ, ಏಕೆ ಅಷ್ಟು ನಗಿಸಿಕೊಂಡಿರಿ ಎಂದು ಮಾವನನ್ನು ಕೇಳಿದೆ.

ಮಾವ ಒರೆಗಲ್ಲನ್ನು ಒರೆಸುತ್ತ ಕೂತಿದ್ದರು. "ನಾನು ಪೇಲಾದ್ರೆ ಜನ ಒಂದಿನ ನಗ್ತಾರೆ, ಮರ್ತ್ಬುಡ್ತಾರೆ. ಇವ್ಳು ಪೇಲಾದ್ರೆ ಸಾಯೋಗಂಟ ಆಡ್ಕತಾರೆ. ಪಾಸಾದ್ಮೇಲೆ ಏಳಾನ ಅಂತ ಇದ್ದೆ."

ಆಮೇಲೆ ಎದ್ದು, ಕಿಟಕಿ ಪಕ್ಕದ ಗದ್ದಿಗೆಯ ಮೇಲಿನ ಚಿಮಟ, ಅರ, ಸುತ್ತಿಗೆಗಳನ್ನೆಲ್ಲ ಕೆಳಗಿಳಿಸಿದರು. ಲ್ಯಾಪ್‌ಟಾಪನ್ನು ಅಲ್ಲಿಟ್ಟು, ತಮ್ಮ ದಿಂಬನ್ನು ಕೊಡವಿ ಹಾಕಿದರು. ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತದೆ ಎಂದು ಯಾರಿಗೋ ಹೇಳುವಂತೆ ಗೋಡೆಗೆ ಹೇಳಿದರು. ಅತ್ತೆ ಕೂರಲು ಹಿಂದೆಮುಂದೆ ನೋಡುತ್ತಿದ್ದರು.

"ಮದ್ವೆ ಆದ್ಮೇಲೂ ಓದ್ಸ್ತೀನಿ ಅಂತ ಇವ್ಳ ಅಪ್ಪಂಗೆ ಮಾತು ಕೊಟ್ಟಿದ್ದೆ ಕಣವ್ವ," ಎಂದು ಮಾವ ನನಗೆ ಹೇಳಿದರು, ಕಣ್ಣು ಮಾತ್ರ ಅತ್ತೆಯ ಕಡೆ. "ಇಪ್ಪತ್ತಾರು ವರ್ಸ ಆಗೋಯ್ತು. ಒಸಿ ತಡ ಆಯ್ತು."

ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಅತ್ತೆ ಮಾತ್ರ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗದ್ದಿಗೆಯ ಮೇಲೆ ನೆಟ್ಟಗೆ ಕೂತು, ಕೀಲಿಗಳ ಮೇಲೆ ಬೆರಳಿಟ್ಟರು.

"ಅವಸರದಲ್ಲಿ ಮಾಡಿದ್ದಕ್ಕೆ ಆಯುಸ್ಸಿಲ್ಲ ಅಂತ ನೀವೇ ಅಂತೀರಲ್ಲ," ಎಂದರು. "ಇದು ಬಾಳಿಕೆ ಬತ್ತದೆ ಬುಡಿ."